ಕ್ಯಾನ್ಸರ್ ಸೆಲ್ ಸತ್ತವು, ಸರಿ. ರಕ್ತಕಣ ಉಳಿದವಾ?

‘ಹುಬ್ಬಳ್ಳಿಯಿಂದ ಪುಣೆಗೆ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಬಂದಿದ್ದೇನೆ, ನಾನು ಮಾಡಿದ ಹೊಸ ಲಿಪಿಡ್ (ಕೊಬ್ಬಿನ ಜಾತಿಯ ಕಾಂಪೌಂಡ್) ಎಂಟಿಟಿ ಟೆಸ್ಟಿನಲ್ಲಿ, ಅಂದರೆ ಸೆಲ್ ಬದುಕಿದೆಯಾ ಅಂತ ಬಣ್ಣದಿಂದ ನೋಡುವ ಟೆಸ್ಟಿನಲ್ಲಿ, ಕ್ಯಾನ್ಸರ್ ಸೆಲ್‌ಗಳನ್ನೆಲ್ಲ ಕೊಂದಿತು, ಇದು ಔಷಧ ಆಗಬಹುದಾ’ ಅಂತ ಕೇಳಿದ್ದೀರಿ. ನಾನೂ ಪಾಷಾಣ್ ಕಡೆಯ ಲ್ಯಾಬೊಂದರಲ್ಲಿ ಇದೇ ಜಾತಿಯ ಕಾಂಪೌಂಡ್ ಮಾಡುವವಳು. ಖುಷಿ ಪಡಿ. ಊರಿಗೆ ಫೋನ್ ಮಾಡಿ ಹೇಳುವುದನ್ನು ಮಾತ್ರ ಸ್ವಲ್ಪ ತಡೆಯಿರಿ.

ಈ ಲಿಪಿಡ್‌ಗಳ ತಲೆ ನೀರಿಗೆ ಒಗ್ಗುತ್ತದೆ, ಉದ್ದ ಬಾಲ ಕೊಬ್ಬಿಗೆ. ಸೋಪಿನ ರಚನೆಯೂ ಅದೇ ಅಲ್ವಾ? ಡೋಸ್ ಜಾಸ್ತಿ ಆದರೆ ಯಾವ ಸೆಲ್ಲಿನ ಪೊರೆಯಾದರೂ ಒಡೆಯುತ್ತದೆ. ಎಂಟಿಟಿಯಲ್ಲಿ ಬದುಕಿರುವ ಸೆಲ್ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ಹೇಗೆ ಸತ್ತಿತು ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಅದಕ್ಕೇ ಮೊದಲು ಹೀಮೋಲಿಸಿಸ್ ಟೆಸ್ಟ್ ಮಾಡಿ, ಅಂದರೆ ರಕ್ತಕಣ ಒಡೆಯುತ್ತದಾ ಅಂತ ನೋಡಿ. ಕೆಂಪು ರಕ್ತಕಣಗಳ ಜೊತೆ ಕಾಂಪೌಂಡ್ ಇಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರು ಕೆಂಪಾಯಿತಾ ನೋಡಿ. ಕ್ಯಾನ್ಸರ್ ಸೆಲ್ ಸಾಯುವ ಡೋಸಿನಲ್ಲೇ ಕೆಂಪಾದರೆ ನೀವು ಮಾಡಿದ್ದು ದುಬಾರಿ ಸೋಪು. ಆಮೇಲೆ ಕ್ಯಾನ್ಸರ್ ಅಲ್ಲದ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಸುತ್ತಾ ಬಂದ ಸೆಲ್‌ಗಳು) ಒಂದರ ಮೇಲೂ ಹಾಕಿ. ನಿಮ್ಮಲ್ಲಿ ಇಲ್ಲದಿದ್ದರೆ ಗಣೇಶಖಿಂಡದ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಸಿಎಸ್) ಸೆಲ್ ಲೈನ್‌ಗಳ ಭಂಡಾರವೇ ಇದೆ. ಸೆಲ್ ಬೆಳೆಸುವ ದ್ರವಕ್ಕೆ ಸೀರಮ್ (ರಕ್ತದಿಂದ ತೆಗೆದ ತಿಳಿ) ಕಡಿಮೆ ಹಾಕಿ ಟೆಸ್ಟ್ ಮಾಡಿದ್ದೀರಾ? ಹಾಗಾದರೆ ನಿಮ್ಮ ಐಸಿ50 ನಂಬರನ್ನು (ಅರ್ಧದಷ್ಟು ಸೆಲ್ ಸಾಯುವ ಡೋಸ್) ನಾನು ನಂಬುವುದಿಲ್ಲ. ಲಿಪಿಡ್ ಸೀರಮ್‌ನಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಸೆಲ್ಲಿಗೆ ಸಿಗುವುದು ಕಡಿಮೆಯಾಗುತ್ತದೆ. ರಕ್ತದಲ್ಲಿ ಅಲ್ಬುಮಿನ್ ಬೇಕಾದಷ್ಟಿದೆ.

ಶುದ್ಧತೆಯನ್ನೂ ನೋಡಿ. ಇವು ಯುವಿ ಲೈಟಿನಲ್ಲಿ ಕಾಣುವುದಿಲ್ಲ, ಟಿಎಲ್‌ಸಿ ಪ್ಲೇಟನ್ನು (ಮಿಶ್ರಣದಲ್ಲಿರುವುದನ್ನು ಬೇರೆ ಬೇರೆ ಚುಕ್ಕೆಗಳಾಗಿ ತೋರಿಸುವ ಪ್ಲೇಟ್) ಅಯೋಡಿನ್ ಚೇಂಬರಿನಲ್ಲಿಟ್ಟು ನೋಡಿ. ಶುದ್ಧ ಮಾಡುವ ಕಾಲಮ್ ದಾಟಿ ಉಳಿದುಬಂದ ರೀಏಜೆಂಟ್ ಸೆಲ್ ಕೊಂದು, ಹೆಸರು ಲಿಪಿಡ್‌ಗೆ ಬರಬಾರದು. (ನೀರು ತಾಗಿದರೆ ಕೆಡುವ ಫಾಸ್ಫರಸ್ ಆಕ್ಸಿಕ್ಲೋರೈಡ್ ಬಳಸುವ ಸ್ಟೆಪ್ ಇದ್ದರೆ ಪುಣೆಯ ಜುಲೈ ತಿಂಗಳಲ್ಲಿ ಇಟ್ಟುಕೊಳ್ಳಬೇಡಿ. ಆ ತೇವಕ್ಕೆ ಯಾವ ಗೈಡ್ ಬೈದರೂ ಪ್ರಯೋಜನವಿಲ್ಲ.)

ಇಷ್ಟೆಲ್ಲ ದಾಟಿದರೂ ದಾರಿ ಉದ್ದ. ಪೆರಿಫೋಸಿನ್ ಅನ್ನುವ ಕಾಂಪೌಂಡ್ ಇದೇ ಕುಟುಂಬದ್ದು. ಡಿಎನ್‌ಎ ತಂಟೆಗೆ ಹೋಗದೆ ಪೊರೆಯಲ್ಲಿ ಸೇರಿಕೊಂಡು, ಸೆಲ್ಲನ್ನು ಬದುಕಿಸುವ ಎಕೆಟಿ ಸಿಗ್ನಲ್ಲನ್ನು ತಡೆಯುತ್ತದೆ. ಐಡಿಯಾ ಚೆನ್ನಾಗಿಯೇ ಇತ್ತು. ಆದರೆ 2012ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಮೂರನೇ ಹಂತದ ಟ್ರಯಲ್‌ನಲ್ಲಿ ಸೋತಿತು. ಇದೇ ಕುಟುಂಬದ ಮಿಲ್ಟೆಫೋಸಿನ್ ಕಥೆ ಇನ್ನೂ ಮಜಾ. ಸ್ತನ ಕ್ಯಾನ್ಸರ್ ಚರ್ಮಕ್ಕೆ ಹರಡಿದಾಗ ಮೇಲೆ ಹಚ್ಚಲು ಬಂತು. ಬಾಯಿಯಿಂದ ಕೊಟ್ಟರೆ ವಾಂತಿ, ಭೇದಿ. ಕ್ಯಾನ್ಸರಿಗೆ ಬೇಕಾದಷ್ಟು ಡೋಸ್ ಕೊಡಲು ಆಗಲಿಲ್ಲ. ಅದೇ ವಸ್ತು ಮರಳುನೊಣ ಕಚ್ಚಿ ಬರುವ ಕಾಲಾ ಅಜಾರ್ ರೋಗಕ್ಕೆ ನುಂಗುವ ಮೊದಲ ಔಷಧವಾಗಿ 2002ರಲ್ಲಿ ನಮ್ಮ ದೇಶದಲ್ಲೇ ಒಪ್ಪಿಗೆ ಪಡೆಯಿತು.

ಹಾಗಾಗಿ ಹೀಮೋಲಿಸಿಸ್ ಕೈಕೊಟ್ಟರೂ ಸ್ಯಾಂಪಲ್ಲನ್ನು ಸುಮ್ನೆ ಎಸೆಯಬೇಡಿ. ಬಾಲದಲ್ಲಿ ಡಬಲ್ ಬಾಂಡ್ ಇದ್ದರೆ ವಯಲ್‌ಗೆ ಆರ್ಗಾನ್ ಗ್ಯಾಸ್ ಬಿಟ್ಟು ಮೈನಸ್ 20 ಡಿಗ್ರಿಯಲ್ಲಿ ಇಡಿ, ಹಾಗೆ ಇಡದಿದ್ದರೆ ಗಾಳಿಗೆ ಕೆಡುತ್ತದೆ.