ಎಂಟನೇ ದಿನ ಎಚ್‌ಐವಿ ನೆಗೆಟಿವ್ ಬಂದಿದೆ, ಬೇರೆ ಪರೀಕ್ಷೆ ಬೇಕೇ?

"ಕಾಂಡೋಮ್ ಇತ್ತು, ಆದರೆ ಮೊದಲಿನಿಂದ ಇರಲಿಲ್ಲ" ಎಂದು ಬರೆದಿದ್ದೀರಲ್ಲ, ಅದೇ ಮಾತನ್ನು ನಾನು ಒಬ್ಬ ವೈದ್ಯೆಯ ಮುಂದೆ ತಲೆ ತಗ್ಗಿಸಿಕೊಂಡು ಹೇಳಿದ್ದೇನೆ. ಒಬ್ಬರ ಜೊತೆ ಒಂದು ರಾತ್ರಿ ಕಳೆದ ಹನ್ನೆರಡನೇ ದಿನಕ್ಕೆ ನೀವು ಕೇಳುತ್ತಿದ್ದೀರಿ, ನಾನು ಬಾಯಿ ಬಿಟ್ಟದ್ದು ಹತ್ತು ತಿಂಗಳ ಮೇಲೆ. ಆಗ ಪಕ್ಕದ ಕುರ್ಚಿಯಲ್ಲಿ ನನ್ನ ಹೆಂಡತಿ ಕುಳಿತಿದ್ದಳು.

ನಾನು ಕಟ್ಟಡ ಕೆಲಸದ ಮೇಲ್ವಿಚಾರಕ, ದಾವಣಗೆರೆ ಕಡೆಯವನು. ಒಂದು ಜನವರಿಯಲ್ಲಿ ಕೆಲಸದ ಮೇಲೆ ಪುಣೆಯಲ್ಲಿದ್ದಾಗ ಒಬ್ಬರ ಪರಿಚಯವಾಯಿತು, ಒಂದು ರಾತ್ರಿ ಜೊತೆಗಿದ್ದೆವು. ಆಕೆ ಓದಿದವರು, ಒಳ್ಳೆಯ ಕೆಲಸದಲ್ಲಿದ್ದವರು. "ನೋಡಿದರೆ ಆರೋಗ್ಯವಾಗಿದ್ದರು" ಎಂದು ನಿಮ್ಮ ಹಾಗೆಯೇ ನಾನೂ ಸಮಾಧಾನ ಮಾಡಿಕೊಂಡೆ. ಆದರೂ ನಿದ್ದೆ ಬರದೆ ಆರನೇ ದಿನ ಖಾಸಗಿ ಲ್ಯಾಬಿನಲ್ಲಿ ಎಚ್‌ಐವಿ ಪರೀಕ್ಷೆ ಮಾಡಿಸಿದೆ. ನಾನ್ ರಿಯಾಕ್ಟಿವ್, ಅಂದರೆ ನೆಗೆಟಿವ್ ಎಂದು ಬಂತು. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಪ್ರಸಾದದ ಹೂವಿನ ಹಾಗೆ ಪರ್ಸಿನಲ್ಲಿ ಇಟ್ಟುಕೊಂಡೆ.

ಇನ್ನು ನನ್ನ ತಪ್ಪು. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಸಹಿಸಿಕೊಳ್ಳಿ.

ಮೂರು ವಾರದ ಮೇಲೆ ಮುಂದೊಗಲಿನ ಅಂಚಿನಲ್ಲಿ ಒಂದು ಹುಣ್ಣಾಯಿತು. ತೊಗರಿಬೇಳೆಯಷ್ಟು. ಕೀವಿಲ್ಲ, ತುರಿಕೆಯಿಲ್ಲ, ಮುಟ್ಟಿದರೆ ನೋವೂ ಇಲ್ಲ. ಬುಡ ಮಾತ್ರ ಗಟ್ಟಿ, ಅಂಗಿಯ ಗುಂಡಿಯನ್ನು ಬಟ್ಟೆಯ ಮೇಲಿನಿಂದ ಹಿಡಿದ ಹಾಗೆ. ನೋವಿದ್ದಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದೆ. ನೋವಿಲ್ಲವಲ್ಲ, ಮೆಡಿಕಲ್ ಶಾಪಿಗೆ ಹೋಗಿ "ಗೆಳೆಯನಿಗೆ" ಎಂದು ಸುಳ್ಳು ಹೇಳಿ ಒಂದು ಮುಲಾಮು ತಂದೆ. ನೋಡದೆಯೇ "ಫಂಗಸ್ ಇರಬೇಕು" ಎಂದು ಅಂಗಡಿಯವನು ಕೊಟ್ಟ. ದಿನಕ್ಕೆರಡು ಸಲ ಹಚ್ಚಿದೆ. ನಾಲ್ಕನೇ ವಾರಕ್ಕೆ ಹುಣ್ಣು ಮಾಯವಾಯಿತು, ಮುಲಾಮು ಕೆಲಸ ಮಾಡಿತು ಎಂದುಕೊಂಡೆ.

ನಾನು ಎಡವಿದ್ದು ಇಲ್ಲಿಯೇ. ಅದು ಸಿಫಿಲಿಸ್, ಸಂಭೋಗದಿಂದ ಹರಡುವ ರೋಗ, ನಮ್ಮ ಹಿರಿಯರು ಪರಂಗಿ ಹುಣ್ಣು ಎನ್ನುತ್ತಿದ್ದದ್ದು. ಆ ಹುಣ್ಣು ಮುಲಾಮು ಹಚ್ಚಿದರೂ ಮಾಯುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿದರೂ ಮಾಯುತ್ತದೆ, ಏನೂ ಹಚ್ಚದಿದ್ದರೂ ಮಾಯುತ್ತದೆ. ಮೂರರಿಂದ ಆರು ವಾರ ಅದರ ಆಯಸ್ಸು. ಅಷ್ಟರೊಳಗೆ ರೋಗಾಣು ರಕ್ತಕ್ಕೆ ಇಳಿದಿರುತ್ತದೆ. ಬಾಗಿಲು ಮುಚ್ಚಿದ್ದನ್ನು ನೋಡಿ ಕಳ್ಳ ಹೋದ ಎಂದುಕೊಂಡೆ ನಾನು. ಅವನು ಒಳಗೆ ಬಂದು ಚಿಲಕ ಹಾಕಿಕೊಂಡಿದ್ದ. ಅನುಮಾನ ಬಂದಾಗಲೆಲ್ಲ ಪರ್ಸಿನ ಕಾಗದ ನೆನಪಾಗುತ್ತಿತ್ತು. ಆ ಕಾಗದಕ್ಕೂ ಹುಣ್ಣಿಗೂ ಸಂಬಂಧವೇ ಇರಲಿಲ್ಲ. ಸೋಂಕು ತಗುಲಿದ್ದರೂ ಅಷ್ಟು ಬೇಗ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಆರನೇ ದಿನದ ರಕ್ತವಾದ್ದರಿಂದ ಎಚ್‌ಐವಿ ವಿಷಯಕ್ಕೂ ಅದು ಸಾಕ್ಷಿಯಾಗುವಂತಿರಲಿಲ್ಲ.

ಏಪ್ರಿಲ್‌ನಲ್ಲಿ ಅಂಗೈ, ಅಂಗಾಲಿನಲ್ಲಿ ತಾಮ್ರದ ಬಣ್ಣದ ಚುಕ್ಕೆಗಳೆದ್ದವು. ತುರಿಸುತ್ತಿರಲಿಲ್ಲ. ಅದೇ ರೋಗದ ಎರಡನೇ ಹಂತವದು. ಸಿಮೆಂಟ್ ಕೆಲಸದವನಿಗೆ ಕೈಯಲ್ಲಿ ಚುಕ್ಕೆ ಎದ್ದರೆ ಯಾರು ಪ್ರಶ್ನಿಸುತ್ತಾರೆ? ಅಂಗಾಲಿಗೆ ಸಿಮೆಂಟ್ ಹೇಗೆ ತಾಗಿತು ಎಂದು ನಾನೂ ಕೇಳಿಕೊಳ್ಳಲಿಲ್ಲ. ಅಮ್ಮ ಹರಳೆಣ್ಣೆ ಹಚ್ಚಿದರು. ಮೇ ತಿಂಗಳಲ್ಲಿ ಅದೇ ಕೈಯಿಂದ ತಾಳಿ ಕಟ್ಟಿದೆ.

ನವೆಂಬರ್‌ನಲ್ಲಿ ಹೆಂಡತಿಯ ಮೊದಲ ಬಸುರಿ ತಪಾಸಣೆ. ತಾಯಿ ಕಾರ್ಡ್ ಮಾಡಿಸುವಾಗ ತೆಗೆದ ರಕ್ತದಲ್ಲಿ ಎಚ್‌ಐವಿ ಇರಲಿಲ್ಲ, ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್ ಪರೀಕ್ಷೆ ರಿಯಾಕ್ಟಿವ್, ಅಂದರೆ ಪಾಸಿಟಿವ್ ಬಂತು. "ಯಜಮಾನರನ್ನು ಕರೆದುಕೊಂಡು ಬನ್ನಿ" ಎಂದರಂತೆ. ಬಸುರಿಯಲ್ಲಿ ಈ ಪರೀಕ್ಷೆ ಕೆಲವೊಮ್ಮೆ ಸುಳ್ಳು ಹೇಳುತ್ತದೆ, ಹಾಗಾಗಿ ಖಚಿತಪಡಿಸಿಕೊಳ್ಳಲು ಟಿಪಿಎಚ್‌ಎ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿದರು. ಇಬ್ಬರಿಗೂ ಪಾಸಿಟಿವ್. ಸೋಂಕು ತಗುಲಿದ ದಿನ ಖಚಿತವಿಲ್ಲವೆಂದು ಇಬ್ಬರಿಗೂ ವಾರಕ್ಕೊಮ್ಮೆಯಂತೆ ಮೂರು ವಾರ ಬೆಂಜಥೈನ್ ಪೆನಿಸಿಲಿನ್ ಕೊಟ್ಟರು. ಪ್ರತಿ ಸಲ 24 ಲಕ್ಷ ಯೂನಿಟ್, ಎರಡೂ ಕುಂಡಿಗೆ ಹಂಚಿ. ದಪ್ಪ ಸೂಜಿ, ಎರಡು ದಿನ ಕೂರಲಾಗದಷ್ಟು ನೋವು. ನನ್ನ ತಪ್ಪಿಗೆ ಅವಳು ಆರು ಸಲ ಚುಚ್ಚಿಸಿಕೊಂಡಳು. ಆಮೇಲೆ ಎರಡು ತಿಂಗಳು ತವರಿನಲ್ಲಿದ್ದಳು, ನನ್ನ ಫೋನ್ ಎತ್ತಲಿಲ್ಲ. ಮಗು ಚೆನ್ನಾಗಿ ಹುಟ್ಟಿತು, ಅದರ ರಕ್ತವನ್ನೂ ಪರೀಕ್ಷಿಸಿದರು. ತಡವಾಗಿದ್ದಿದ್ದರೆ ಈ ವಾಕ್ಯ ಬರೆಯಲು ಆಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. "ಶೇಕಡಾ ಎಷ್ಟು ಅಪಾಯ?" ಎಂದಿದ್ದೀರಿ. ಈ ಪ್ರಶ್ನೆಯನ್ನೇ ಬಿಡಿ. ಎಚ್‌ಐವಿ ಇರುವ ಹೆಣ್ಣಿನಿಂದ ಒಂದು ಸಲದ ಯೋನಿ ಸಂಭೋಗದಲ್ಲಿ ಗಂಡಿಗೆ ತಗಲುವ ಸಾಧ್ಯತೆ 10,000ಕ್ಕೆ 4ರ ಆಸುಪಾಸು ಎಂದು ಓದಿ ನಾನೂ ನಿರಾಳವಾಗಿದ್ದೆ. ಆ ಲೆಕ್ಕ ಎಚ್‌ಐವಿಯದು ಮಾತ್ರ. ಸಿಫಿಲಿಸ್, ಹಾಗೆಯೇ ಸಂಭೋಗದಿಂದ ಹರಡುವ ಗೊನೊರಿಯಾ, ಕ್ಲಮಿಡಿಯಾ ಎಂಬ ಸೋಂಕುಗಳು ಅದಕ್ಕಿಂತ ಎಷ್ಟೋ ಸುಲಭವಾಗಿ ದಾಟುತ್ತವೆ. "ಲಕ್ಷಣ ಏನೂ ಇಲ್ಲ" ಎಂಬುದನ್ನೂ ನಂಬಬೇಡಿ, ಕ್ಲಮಿಡಿಯಾ ಹೆಚ್ಚಿನವರಲ್ಲಿ ಸದ್ದೇ ಮಾಡುವುದಿಲ್ಲ.

ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿ ಎಚ್‌ಐವಿ ಸಮಾಲೋಚನೆ, ಪರೀಕ್ಷೆ ನಡೆಸುವ ಐಸಿಟಿಸಿ ಕೇಂದ್ರವಿದೆ, ಲೈಂಗಿಕ ಸೋಂಕುಗಳಿಗೆ ಸುರಕ್ಷಾ ಕ್ಲಿನಿಕ್ ಇದೆ, ಎಚ್‌ಐವಿ ಪರೀಕ್ಷೆಗೆ ದುಡ್ಡು ಕೇಳುವುದಿಲ್ಲ. ನಾಚಿಕೆಯಾದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಎಚ್‌ಐವಿ ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಇದೆ. ಬಸ್ ನಿಲ್ದಾಣದ ಗೋಡೆಯ "ಗುಪ್ತರೋಗ ತಜ್ಞ"ರ ಹತ್ತಿರ ಸುಳಿಯಬೇಡಿ. ಎಂಬತ್ತು ಪರೀಕ್ಷೆಗಳ ಆರೋಗ್ಯ ಪ್ಯಾಕೇಜ್ ಕೊಳ್ಳುವ ಮೊದಲು ಅದರಲ್ಲಿ ವಿಡಿಆರ್‌ಎಲ್ ಇದೆಯೇ ನೋಡಿ. ವಿಟಮಿನ್ ಡಿ ಖಂಡಿತ ಇರುತ್ತದೆ.

ನಿಮ್ಮ ಎಂಟನೇ ದಿನದ ವರದಿಯನ್ನು ಹರಿದುಹಾಕಿ. ಆ ರಾತ್ರಿಯಿಂದ ದಿನ ಎಣಿಸಿ. ರಕ್ತನಾಳದಿಂದ ರಕ್ತ ತೆಗೆದು ಮಾಡುವ ನಾಲ್ಕನೇ ಪೀಳಿಗೆಯ ಎಚ್‌ಐವಿ ಪರೀಕ್ಷೆ 45 ದಿನಕ್ಕೆ, ಬೆರಳು ಚುಚ್ಚಿ ಮಾಡುವುದಾದರೆ 90 ದಿನಕ್ಕೆ. ಸಿಫಿಲಿಸ್‌ಗೆ ಆರು ವಾರ ತುಂಬಿದಾಗ ಒಂದು ಸಲ, ಮೂರು ತಿಂಗಳು ತುಂಬಿದಾಗ ಇನ್ನೊಂದು ಸಲ ರಕ್ತಪರೀಕ್ಷೆ. ಗೊನೊರಿಯಾ, ಕ್ಲಮಿಡಿಯಾಗಳಿಗೆ ಎರಡು ವಾರ ತುಂಬಿದ ಮೇಲೆ ಮೂತ್ರ ಪರೀಕ್ಷೆ. ಹೆಪಟೈಟಿಸ್ ಬಿ ಕೂಡ ಸಂಭೋಗದಿಂದ ಹರಡುತ್ತದೆ, ಅದರ ಲಸಿಕೆ ಹಾಕಿಸಿಕೊಂಡಿಲ್ಲವಾದರೆ ಈಗಲೇ ಶುರು ಮಾಡಿ. 72 ಗಂಟೆಯೊಳಗೆ ಬಂದವರಿಗೆ ಎಚ್‌ಐವಿ ತಡೆಯಲು 28 ದಿನದ ಮಾತ್ರೆ ಇದೆ, ನಿಮಗೆ ಆ ಬಸ್ ತಪ್ಪಿದೆ. ನಡುವೆ ಹುಣ್ಣು, ಉರಿ, ಸ್ರಾವ ಕಂಡರೆ ತಾರೀಖು ಕಾಯದೆ ಅಂದೇ ವೈದ್ಯರಿಗೆ ತೋರಿಸಿ, ತೋರಿಸುವ ಮೊದಲು ಏನನ್ನೂ ಹಚ್ಚಬೇಡಿ, ನುಂಗಬೇಡಿ.

"ರಕ್ತದಾನ ಮಾಡಿದರೆ ಪುಕ್ಕಟೆ ಪರೀಕ್ಷೆ ಆಗುತ್ತದಲ್ಲ" ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ಸೋಂಕು ಇದ್ದೂ ಪರೀಕ್ಷೆಗೆ ಸಿಗದ ದಿನಗಳಲ್ಲಿ ನೀವಿದ್ದೀರಿ, ಆ ರಕ್ತ ಇನ್ಯಾರದೋ ಮೈಗೆ ಹೋಗುತ್ತದೆ.

ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ ಎಂದಿದ್ದೀರಿ. ಮೂರು ತಿಂಗಳು ಮುಂದೂಡಿ. ಕೆಲಸ ಬದಲಾಯಿಸುತ್ತಿದ್ದೇನೆ ಎನ್ನಿ, ಜಾತಕ ಸರಿಯಿಲ್ಲ ಎನ್ನಿ, ಅಷ್ಟು ಸುಳ್ಳಿಗೆ ನನ್ನ ಅಡ್ಡಿಯಿಲ್ಲ.

ಇನ್ನೊಂದು. ಚಿಕಿತ್ಸೆ ಮುಗಿದ ಮೇಲೆ, ಆಪ್ತಸಮಾಲೋಚಕಿಯ ಒತ್ತಾಯಕ್ಕೆ, ಪುಣೆಯವರಿಗೆ ಕರೆ ಮಾಡಿದೆ. ಬೈಯುತ್ತಾರೆಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು ಫೋನ್ ಇಟ್ಟರು. ಎರಡು ವಾರದ ಮೇಲೆ ಒಂದು ಸಾಲಿನ ಸಂದೇಶ ಬಂತು: "ನನಗೂ ಇತ್ತು, ಗೊತ್ತೇ ಇರಲಿಲ್ಲ, ಇಂಜೆಕ್ಷನ್ ಆಯಿತು." ನಿಮ್ಮ ಬಳಿ ಆಕೆಯ ನಂಬರ್ ಇದ್ದರೆ ಅಳಿಸಬೇಡಿ.