ಓದುಗರ ಪ್ರಶ್ನೆ: ಊರಿನಲ್ಲಿ ಕೊಲೆ ‘ದುಪ್ಪಟ್ಟು’ ಆಯಿತೆಂದರೆ ಏನು ತಿಳಿಯಬೇಕು?

ಪ್ರಶ್ನೆ: ಗೋವಾದ ವಾಸ್ಕೊದಲ್ಲಿ ಹೋದ ವರ್ಷಕ್ಕಿಂತ ಕೊಲೆ ಎರಡು ಪಟ್ಟಾಗಿದೆ ಎಂಬ ಸಂದೇಶ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಮನೆಯಲ್ಲಿ ಹೆಂಗಸರು ಸಂಜೆ ಹೊರಗೆ ಹೋಗಲು ಹೆದರುತ್ತಿದ್ದಾರೆ. ಇದು ನಿಜವೋ ಅಲ್ಲವೋ ನಾವೇ ನೋಡಿಕೊಳ್ಳುವುದು ಹೇಗೆ?
— ಓದುಗರೊಬ್ಬರು, ಬಾಯ್ನಾ

ಉತ್ತರ: ಸಂಖ್ಯೆ ನಿಜವಾಗಿದ್ದರೂ ಅದರಿಂದ ಎಳೆದ ತೀರ್ಮಾನ ತಪ್ಪಾಗಿರಬಹುದು. ಲಕ್ಷದ ಆಸುಪಾಸಿನ ಜನವಿರುವ ಊರಿನಲ್ಲಿ ಒಂದೇ ಒಂದು ಕೊಲೆ ಹೆಚ್ಚಾದರೂ ಲಕ್ಷಕ್ಕಿಷ್ಟು ಎಂಬ ದರ 1 ಅಂಕ ಏರುತ್ತದೆ. ಇಡೀ ದೇಶದ ದರ 2022ರಲ್ಲಿ ಲಕ್ಷಕ್ಕೆ 2.1 ಇತ್ತು (ಒಟ್ಟು 28,522 ಪ್ರಕರಣ). ಹಾಗಾಗಿ ಸಣ್ಣ ಊರಿನ ದರ ವರ್ಷದಿಂದ ವರ್ಷಕ್ಕೆ ಕುಣಿಯುವುದು ಸಹಜ.

ಒಂದು ಲೆಕ್ಕ ಮಾಡಿ ನೋಡಿ. ಎರಡೂ ವರ್ಷದ ಸಂಖ್ಯೆ ಕೂಡಿಸಿ, ಮೊತ್ತದ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಎರಡು ವರ್ಷಗಳ ನಡುವಿನ ವ್ಯತ್ಯಾಸ ಅದಕ್ಕಿಂತ ಕಡಿಮೆಯಿದ್ದರೆ ಅದು ಬರಿಯ ಆಕಸ್ಮಿಕ ಏರಿಳಿತವೂ ಆಗಿರಬಹುದು. ಉದಾಹರಣೆಗೆ 4 ಇದ್ದದ್ದು 8 ಆಯಿತು ಎನ್ನಿ. ಮೊತ್ತ 12, ವರ್ಗಮೂಲ ಸುಮಾರು 3.5, ಎರಡು ಪಟ್ಟು 7. ವ್ಯತ್ಯಾಸ 4 ಮಾತ್ರ. ‘ದುಪ್ಪಟ್ಟು’ ನಿಜ, ಆದರೆ ಪ್ರವೃತ್ತಿ ಎನ್ನಲು ಸಾಲದು. ಅದೇ ಮೂರು ವರ್ಷದ ಒಟ್ಟು 15, ಮುಂದಿನ ಮೂರು ವರ್ಷದ ಒಟ್ಟು 33 ಎಂದಿದ್ದರೆ ಮೊತ್ತ 48, ಮಿತಿ 14, ವ್ಯತ್ಯಾಸ 18. ಆಗ ಠಾಣೆಯವರನ್ನೂ ಶಾಸಕರನ್ನೂ ಕೇಳಲೇಬೇಕು. ಅದಕ್ಕೇ ಒಂದೊಂದು ವರ್ಷ ಹಿಡಿಯದೆ ಮೂರು ಮೂರು ವರ್ಷ ಸೇರಿಸಿ ಹೋಲಿಸಿ.

ಎಣಿಸುವಾಗ ಜನ ಎಡವುವುದು ಬೇರೆ ಕಡೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಒಂದು ಎಫ್‌ಐಆರ್‌ನಲ್ಲಿ ಹಲವು ಕಲಮುಗಳಿದ್ದರೆ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತದೆ: ಸುಲಿಗೆ ಮಾಡಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಮಾತ್ರ. ಪ್ರಕರಣವೇ ಬೇರೆ, ಸತ್ತವರ ಸಂಖ್ಯೆಯೇ ಬೇರೆ. ಕೋಷ್ಟಕದಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇರುತ್ತದೆ. ಠಾಣೆಯ ಗಡಿ ನಗರಸಭೆಯ ಗಡಿಯಂತಿರುವುದಿಲ್ಲ. ವಾಸ್ಕೊ, ಮುರಗಾಂವ್, ವೆರ್ಣಾ ಠಾಣೆಗಳು ಬೇರೆ ಬೇರೆ. ಒಬ್ಬರು ಮೂರನ್ನೂ ಸೇರಿಸಿ, ಇನ್ನೊಬ್ಬರು ಒಂದನ್ನೇ ಹಿಡಿದು ಹೋಲಿಸಿದರೆ ಲೆಕ್ಕವೇ ಕೆಡುತ್ತದೆ.

ಹಲ್ಲೆ, ಸುಲಿಗೆಗಳಲ್ಲಿ ಇನ್ನೂ ಎಚ್ಚರ ಬೇಕು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಿಂದೆ 20 ದಿನ ದಿನಚರಿಯ ಕೆಲಸ ಮಾಡಲಾಗದಿದ್ದರೆ ‘ತೀವ್ರ ಗಾಯ’ ಎನ್ನುತ್ತಿದ್ದರು, ಈಗ 15 ದಿನ ಸಾಕು. ಸರ ಕಿತ್ತುಕೊಂಡು ಓಡುವುದಕ್ಕೆ ಈಗ 304ನೇ ಕಲಮು ಪ್ರತ್ಯೇಕವಾಗಿದೆ. ಮೊದಲು ಅದು ಕಳವಿನಲ್ಲೋ ಸುಲಿಗೆಯಲ್ಲೋ ಸೇರಿಹೋಗುತ್ತಿತ್ತು. ಬೀದಿಯಲ್ಲಿ ಏನೂ ಬದಲಾಗದಿದ್ದರೂ ಕಾಗದದಲ್ಲಿ ಸಂಖ್ಯೆ ಬದಲಾಗುತ್ತದೆ. 2023ರ ಹಲ್ಲೆಯನ್ನೂ 2025ರ ಹಲ್ಲೆಯನ್ನೂ ನೇರವಾಗಿ ಪಕ್ಕಪಕ್ಕ ಇಡಬೇಡಿ. ದೀರ್ಘಕಾಲದ ಹೋಲಿಕೆಗೆ ಕೊಲೆಯೇ ನಂಬಬಹುದಾದ ಅಳತೆ, ಏಕೆಂದರೆ ಹೆಣವನ್ನು ಮುಚ್ಚಿಡುವುದು ಕಷ್ಟ. ಅಲ್ಲಿಯೂ ಅಸಹಜ ಸಾವು ಎಂದು ಬರೆದದ್ದು ಮರಣೋತ್ತರ ವರದಿ ಬಂದ ಮೇಲೆ ಕೊಲೆಯಾಗಬಹುದು. ಆದ್ದರಿಂದ ಕಳೆದ ಕೆಲವು ತಿಂಗಳ ಅಂಕಿ ಇನ್ನೂ ಹಸಿ ಎಂದೇ ತಿಳಿಯಿರಿ.

ಅಂಕಿ ಬೇಕಾದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ‘ಅಪರಾಧಗಳ ವಿವರ ಕೊಡಿ’ ಎಂದರೆ ಏನೂ ಸಿಗದು. ಠಾಣೆಯ ಹೆಸರು, ಯಾವ ವರ್ಷದಿಂದ ಯಾವ ವರ್ಷಕ್ಕೆ, ಯಾವ ಕಲಮು, ದಾಖಲಾದದ್ದೆಷ್ಟು, ಆರೋಪಪಟ್ಟಿ ಹೋದದ್ದೆಷ್ಟು ಎಂದು ಕಾಲಂ ಹಾಕಿ ಕೇಳಿ. ಉತ್ತರಕ್ಕೆ 30 ದಿನ. ತನಿಖೆ ನಡೆಯುತ್ತಿದೆ ಎಂದು ನಿರಾಕರಿಸಿದರೆ, ನೀವು ಕೇಳಿದ್ದು ಸಂಖ್ಯೆಯನ್ನೇ ಹೊರತು ತನಿಖೆಯ ಕಡತವನ್ನಲ್ಲ ಎಂದು ಬರೆದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಪ್ರಶ್ನೆ: ತಮ್ಮನಿಗೆ ನಾಲ್ಕು ಜನ ಸೇರಿ ಹೊಡೆದರು. ಠಾಣೆಯಲ್ಲಿ ‘ಎನ್‌ಸಿ’ ಬರೆದು ಕಳಿಸಿದರು. ಇದು ಲೆಕ್ಕಕ್ಕೆ ಬರುತ್ತದೆಯೇ?
— ಓದುಗರೊಬ್ಬರು, ಮಡಗಾಂವ್

ಉತ್ತರ: ಬರುವುದಿಲ್ಲ. ಎನ್‌ಸಿ ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲದ ಪ್ರಕರಣ. ಅದು ಎಫ್‌ಐಆರ್ ಅಲ್ಲ. ಬರಿಗೈಯ ಸಾಧಾರಣ ಹೊಡೆತ (ನ್ಯಾಯ ಸಂಹಿತೆಯ 115ನೇ ಕಲಮು) ಇಲ್ಲಿಗೇ ಸೇರುತ್ತದೆ. ಆದರೆ ಚಾಕು, ಕಬ್ಬಿಣದ ಸರಳಿನಂಥ ಅಪಾಯಕಾರಿ ಆಯುಧವಿದ್ದರೆ 118, ಮೂಳೆ ಅಥವಾ ಹಲ್ಲು ಮುರಿದಿದ್ದರೆ 117. ಎರಡಕ್ಕೂ ಎಫ್‌ಐಆರ್ ಆಗಲೇಬೇಕು. ಆದ್ದರಿಂದ ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ‘ಹೊಡೆದಾಟದ ಗಾಯ’ ಎಂದು ಹೇಳಿಯೇ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ, ಎಕ್ಸ್‌ರೇ ತೆಗೆಸಿ. ಬಿದ್ದೆ ಎಂದು ಹೇಳಿಬಿಟ್ಟರೆ ಆಮೇಲೆ ಆ ಚೀಟಿಯೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಮುರಿತ ಕಂಡರೆ ವರದಿಯ ಪ್ರತಿ ಲಗತ್ತಿಸಿ ಠಾಣೆಗೆ ಲಿಖಿತವಾಗಿ ಕೊಡಿ. ಆಗಲೂ ಬರೆದುಕೊಳ್ಳದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸ್, ಕೋರ್ಟಿನ ಕಾರ್ಯವಿಧಾನದ ಕಾನೂನು) 173(4)ರಂತೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ಎಫ್‌ಐಆರ್‌ನ ಪ್ರತಿ ಪುಕ್ಕಟೆ.

ಪ್ರಶ್ನೆ: ‘ಘಾಟಿಗಳು (ಘಟ್ಟದಾಚೆಯಿಂದ ಬಂದವರನ್ನು ಹೀಯಾಳಿಸುವ ಹೆಸರು) ಬಂದ ಮೇಲೆಯೇ ಗೋವಾದಲ್ಲಿ ಅಪರಾಧ ಹೆಚ್ಚಿತು, ಜೈಲು ನೋಡಿ, ಅವರೇ ತುಂಬಿದ್ದಾರೆ’ ಎನ್ನುತ್ತಾರೆ. ಏನು ಉತ್ತರ ಕೊಡಲಿ?
— ಓದುಗರೊಬ್ಬರು, ಜುವಾರಿನಗರ

ಉತ್ತರ: ಈ ಮಾತು ಕೇಳಿ ನೋವಾಗುವುದು ನ್ಯಾಯವೇ. ಜೈಲಿನ ಎಣಿಕೆ ಅಪರಾಧದ ಎಣಿಕೆಯಲ್ಲ. ಜೈಲಿನಲ್ಲಿರುವವರಲ್ಲಿ ಹೆಚ್ಚಿನವರು ವಿಚಾರಣಾಧೀನ ಕೈದಿಗಳು, ಅಂದರೆ ತಪ್ಪು ಸಾಬೀತಾಗದವರು. ಊರಿನವನಿಗೆ ಮನೆ, ಜಮೀನಿನ ಕಾಗದ ಹಿಡಿದು ಜಾಮೀನು ನಿಲ್ಲಲು ಅಣ್ಣನೋ ಮಾವನೋ ಇರುತ್ತಾರೆ. ಗದಗಿನಿಂದಲೋ ವಿಜಯಪುರದಿಂದಲೋ ಗಾರೆ ಕೆಲಸಕ್ಕೆ ಬಂದವನಿಗೆ ಇಲ್ಲಿ ಯಾರಿದ್ದಾರೆ? ಅದೇ ಆರೋಪಕ್ಕೆ ಅವನು ತಿಂಗಳುಗಟ್ಟಲೆ ಒಳಗೆ ಕೂರುತ್ತಾನೆ, ಎಣಿಕೆಯ ದಿನ ಸಿಗುತ್ತಾನೆ. 1978ರ ಮೋತಿರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿತು. ಮೋತಿರಾಮ್ ಒಬ್ಬ ಗಾರೆ ಕೆಲಸದವ; ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟ್ ಜಾಮೀನು ಒಪ್ಪಿರಲಿಲ್ಲ. ದೂರದ ಊರಿನಲ್ಲಿ ಬಂಧನವಾದ ಕನ್ನಡಿಗ ಅಲ್ಲಿಯೇ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಆ ತೀರ್ಪಿನಲ್ಲೇ ಇದೆ.

ವಯಸ್ಸನ್ನೂ ನೋಡಬೇಕು. ಎಲ್ಲ ಊರಿನಲ್ಲೂ ಹೊಡೆದಾಟ ಹೆಚ್ಚು ಮಾಡುವವರು ಹರೆಯದ ಗಂಡಸರು. ದುಡಿಯಲು ಬಂದವರಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಅವರನ್ನು ಮುದುಕರು, ಮಕ್ಕಳೆಲ್ಲ ಸೇರಿದ ಜನಸಂಖ್ಯೆಯೊಂದಿಗೆ ತೂಗುವುದು ಅನ್ಯಾಯ. 18ರಿಂದ 30ರ ಗಂಡಸರನ್ನು ಅದೇ ವಯಸ್ಸಿನ ಗಂಡಸರೊಂದಿಗೆ ಹೋಲಿಸಿ ಕೊಡಿ ಎಂದು ಹೇಳಿದವರನ್ನೇ ಕೇಳಿ.

ನಿಮ್ಮವರಾರಾದರೂ ಒಳಗಿದ್ದರೆ ದಕ್ಷಿಣ ಗೋವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು. ಆರೋಪ ಜಾಮೀನು ಸಿಗುವಂಥದಾಗಿದ್ದು, ಒಂದು ವಾರದಲ್ಲಿ ಜಾಮೀನುದಾರರನ್ನು ತರಲಾಗದಿದ್ದರೆ ಅವರನ್ನು ಬಡವರೆಂದು ಪರಿಗಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಮು ಹೇಳುತ್ತದೆ. ಅರ್ಜಿಯಲ್ಲಿ ಆ ಕಲಮಿನ ಸಂಖ್ಯೆ ಬರೆಯಲು ಮರೆಯಬೇಡಿ.