ಕ್ಯಾಂಪರ್‌ವ್ಯಾನ್‌ನಲ್ಲಿ ನ್ಯೂಜಿಲೆಂಡ್ ಸುತ್ತುವಾಗ ದಿನಾ ಎದುರಾಗುವ ತಾಪತ್ರಯಗಳೇನು?

ಇಬ್ಬರು ಮಕ್ಕಳನ್ನು ಕರೆದುಕೊಂಡು ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ ಹೊರಟಿದ್ದೀರಿ, ಎರಡು ವಾರ ಕ್ಯಾಂಪರ್‌ವ್ಯಾನ್‌ನಲ್ಲೇ ವಾಸ, ಅಷ್ಟು ದೊಡ್ಡ ಗಾಡಿ ಓಡಿಸಲು ಆಗುತ್ತಾ ಅಂತ ಕೇಳಿದ್ದೀರಿ. ಓಡಿಸುವುದಕ್ಕೆ ಹೆದರಬೇಡಿ. ಅಲ್ಲೂ ರಸ್ತೆಯ ಎಡಬದಿಯಲ್ಲೇ ಹೋಗುವುದು. ಒಂದೇ ಗಾಡಿ ಹಿಡಿಸುವ ಸೇತುವೆಗಳು ತುಂಬಾ ಇವೆ. ಬೋರ್ಡ್‌ನಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ, ಕೆಂಪಗೆ ಇದ್ದರೆ ಎದುರಿನಿಂದ ಬರುವವರಿಗೆ ದಾರಿ ಬಿಡಿ. ನಾವೂ ಮಕ್ಕಳ ಜೊತೆ ಹೀಗೇ ಹೋಗಿದ್ದಾಗ ನಮ್ಮನ್ನು ನಿಜವಾಗಿ ಕಾಡಿದ್ದು ನೀರು ಮತ್ತು ಟಾಯ್ಲೆಟ್.

ಎರಡನೇ ರಾತ್ರಿಯೇ ನೀರು ಖಾಲಿಯಾಯಿತು. ಸರ್ಕಾರದ ಸಂರಕ್ಷಣಾ ಇಲಾಖೆಯ ಕ್ಯಾಂಪ್‌ಸೈಟ್ ಒಂದರಲ್ಲಿ ತಂಗಿದ್ದೆವು. (ಆ ಇಲಾಖೆಯನ್ನು ಅಲ್ಲಿ ಎಲ್ಲರೂ ಡಾಕ್ ಅನ್ನುತ್ತಾರೆ.) ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಎರಡು ಸಲ ಬುಸ್ ಅಂತ ಗಾಳಿ ಉಗುಳಿ ನಿಂತೇಬಿಟ್ಟಿತು. ಸೀಟಿನ ಕೆಳಗಿದ್ದ ಪಂಪ್ ಮಾತ್ರ ಗೊರ್ ಅಂತ ಓಡುತ್ತಲೇ ಇತ್ತು. ಕೈತುಂಬಾ ಸೋಪು, ಸಿಂಕ್ ತುಂಬಾ ಪಾತ್ರೆ, ಕುಡಿಯಲು ಉಳಿದಿದ್ದು ಒಂದೇ ಬಾಟಲಿ. ಹೊರಗಿನ ನಲ್ಲಿಯ ಮೇಲೆ ಕುದಿಸಿ ಕುಡಿಯಿರಿ ಅಂತ ಬೋರ್ಡ್. ಪುಣ್ಯಕ್ಕೆ ಗ್ಯಾಸ್ ಇತ್ತು, ರಾತ್ರಿ ಹತ್ತರವರೆಗೆ ಕುದಿಸಿಕೊಂಡು ಕೂತೆವು. ಬೆಳಿಗ್ಗೆ ನಮ್ಮ ಇಬ್ಬರೂ ಮಕ್ಕಳು ವ್ಯಾನ್‌ನೊಳಗೇ ಸ್ನಾನ ಮಾಡಿದ್ದರು, ಟ್ಯಾಂಕ್ ಮೀಟರ್ ನಾವು ನೋಡಿರಲಿಲ್ಲ, ಅಷ್ಟೇ ಕಾರಣ. ಪಂಪ್ ಹಾಗೆ ಬಿಡದೆ ಓಡುವುದು ಕೇಳಿಸಿದರೆ ಮೊದಲು ಅದರ ಸ್ವಿಚ್ ಆಫ್ ಮಾಡಿ. ನೀರಿಲ್ಲದೆ ಓಡಿದರೆ ಕೆಟ್ಟುಹೋಗಬಹುದು.

ಟಾಯ್ಲೆಟ್ ವಿಷಯ ಬರೆಯಲು ಎಲ್ಲರಿಗೂ ಮುಜುಗರ. ಆದರೆ ಅದನ್ನು ಖಾಲಿ ಮಾಡುವುದು ನೀವೇ ಅಲ್ವಾ, ಹೇಳಿಬಿಡುತ್ತೇನೆ. ವ್ಯಾನ್‌ನ ಹೊರಗೊಂದು ಪುಟ್ಟ ಬಾಗಿಲಿರುತ್ತದೆ. ಅದರೊಳಗೆ ಟಾಯ್ಲೆಟ್‌ನ ಹೊಲಸು ಸೇರುವ ಸೂಟ್‌ಕೇಸ್‌ನಂತಹ ಡಬ್ಬಿ, ಅದೇ ಕ್ಯಾಸೆಟ್. ಎಳೆದುಕೊಂಡು ಡಂಪ್ ಸ್ಟೇಷನ್‌ಗೆ (ವ್ಯಾನ್‌ನ ಹೊಲಸು ಸುರಿಯಲೆಂದೇ ಇರುವ ಜಾಗ) ಒಯ್ದು, ಮೂತಿ ತಿರುಗಿಸಿ ಸುರಿಯಬೇಕು. ಸುರಿಯುವಾಗ ಹಿಡಿಯ ಹತ್ತಿರದ ಗಾಳಿ ಬಟನ್ ಒತ್ತಿ ಹಿಡಿದಿರಿ. ಮೊದಲ ಸಲ ನಮ್ಮ ಯಜಮಾನರಿಗೆ ಅದು ಗೊತ್ತಿರಲಿಲ್ಲ. ಗಾಳಿ ಒಳಗೆ ಹೋಗದೆ ಗುಳು ಗುಳು ಅಂತ ಉಕ್ಕಿ ಪ್ಯಾಂಟಿಗೆಲ್ಲಾ ಸಿಡಿಯಿತು. ವ್ಯಾನ್ ಕೊಟ್ಟ ಬಾಡಿಗೆಯವರು ಹತ್ತು ನಿಮಿಷದಲ್ಲಿ ಎಲ್ಲಾ ತೋರಿಸಿ ಕೀ ಕೊಟ್ಟಿದ್ದರು, ಈ ಬಟನ್ ಮಾತು ಎತ್ತಿರಲಿಲ್ಲ. ನನಗೆ ಈಗಲೂ ಅದರ ಬಗ್ಗೆ ಬೇಸರವಿದೆ. ನೀವು ಬಿಡಬೇಡಿ, ಪ್ರತಿಯೊಂದನ್ನೂ ಮಾಡಿ ತೋರಿಸಿ ಅಂತ ಕೇಳಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಇನ್ನೊಂದು ಮಾತು: ಕ್ಯಾಸೆಟ್ ತೊಳೆಯುವ ನಲ್ಲಿಯಿಂದ ಕುಡಿಯುವ ನೀರಿನ ಟ್ಯಾಂಕ್ ತುಂಬಿಸಲೇಬೇಡಿ.

ಆಮೇಲೆ ನಾವು ಒಂದು ಪದ್ಧತಿ ಮಾಡಿಕೊಂಡೆವು. ತಿಂಡಿ ಆದ ಮೇಲೆ ನೀರು ತುಂಬಿಸುವುದು, ಕೊಳಕು ನೀರು ಬಿಡುವುದು, ಕ್ಯಾಸೆಟ್ ಖಾಲಿ ಮಾಡುವುದು, ಎಲ್ಲಾ ಮುಗಿಸಿಯೇ ಹೊರಡುವುದು. ಮೂರು ದಿನಕ್ಕೊಮ್ಮೆ ಕರೆಂಟ್ ಇರುವ ಹಾಲಿಡೇ ಪಾರ್ಕ್‌ನಲ್ಲಿ, ಅಂದರೆ ದುಡ್ಡು ಕೊಟ್ಟು ವ್ಯಾನ್ ನಿಲ್ಲಿಸುವ ಖಾಸಗಿ ಕ್ಯಾಂಪ್‌ನಲ್ಲಿ, ತಂಗುವುದು. ಅಲ್ಲಿ ಬಟ್ಟೆ ಒಗೆಯುವ ಮಷಿನ್ ಇರುತ್ತದೆ, ಮಕ್ಕಳಿಗೆ ಬಿಸಿನೀರಿನ ಸ್ನಾನವೂ ಆಗುತ್ತದೆ. ನಮ್ಮ ವ್ಯಾನ್‌ನಲ್ಲಿ ಮೈಕ್ರೋವೇವ್ ಓಡುತ್ತಿದ್ದದ್ದೂ ಹೊರಗಿನ ಕರೆಂಟಿಗೆ ಕೇಬಲ್ ಹಾಕಿದಾಗ ಮಾತ್ರ.

ಹೊರಡುವ ಮುಂಚೆ ಒಬ್ಬರು ವ್ಯಾನ್ ಸುತ್ತ ಒಂದು ಸುತ್ತು ಬನ್ನಿ. ಕೇಬಲ್ ತೆಗೆದಿದ್ದೀರಾ, ಮೆಟ್ಟಿಲು ಒಳಗೆ ಹೋಗಿದೆಯಾ, ಚಾವಣಿಯ ಕಿಂಡಿ ಮುಚ್ಚಿದೆಯಾ ನೋಡಿ. ಡ್ರಾಯರ್‌ಗಳ ಲಾಕ್ ಒತ್ತಿ ನೋಡುವ ಕೆಲಸ ಮಕ್ಕಳಿಗೇ ಕೊಡಿ, ನಮ್ಮ ಮಗಳು ಒಂದು ದಿನವೂ ಮರೆಯಲಿಲ್ಲ.

ಆರ್ಥರ್ಸ್ ಪಾಸ್ ಅನ್ನುವ ಬೆಟ್ಟದ ಕಣಿವೆ ದಾರಿಯಲ್ಲಿ ನಿಲ್ಲಿಸಿದರೆ ವ್ಯಾನ್ ಬಿಟ್ಟು ದೂರ ಹೋಗಬೇಡಿ. ಕೆಯಾ ಅಂತ ಬೆಟ್ಟದ ಹಸಿರು ಗಿಳಿಗಳಿವೆ, ಕಿಟಕಿಯ ರಬ್ಬರನ್ನೇ ಕಿತ್ತು ಎಳೆಯುತ್ತವೆ. ಎಷ್ಟು ಮುದ್ದಾಗಿ ಕಂಡರೂ ತಿನ್ನಲು ಏನೂ ಕೊಡಬೇಡಿ, ಅವು ಅಳಿವಿನಂಚಿನಲ್ಲಿರುವ ಹಕ್ಕಿಗಳು. ಪಶ್ಚಿಮ ಕರಾವಳಿಯಲ್ಲಿ ಸ್ಯಾಂಡ್‌ಫ್ಲೈ ಅನ್ನುವ ಕಚ್ಚುವ ಪುಟ್ಟ ನೊಣಗಳ ಕಾಟ ಜಾಸ್ತಿ, ಬಾಗಿಲು ತೆರೆದಿಟ್ಟು ಅಡುಗೆ ಮಾಡಬೇಡಿ.

ಡೀಸೆಲ್ ವ್ಯಾನ್ ಆದರೆ ಬಂಕಿನಲ್ಲಿ ಕೊಡುವ ದುಡ್ಡಲ್ಲದೆ ರಸ್ತೆ ಬಳಕೆಯ ಶುಲ್ಕ ಬೇರೆ ಇರುತ್ತದೆ, ಓಡಿದ ಕಿಲೋಮೀಟರ್ ಲೆಕ್ಕದಲ್ಲಿ. ಸಾಮಾನ್ಯವಾಗಿ ವ್ಯಾನ್ ವಾಪಸ್ ಕೊಡುವ ದಿನ ಅದನ್ನು ಕಟ್ಟಿಸಿಕೊಳ್ಳುತ್ತಾರೆ, ಬುಕ್ ಮಾಡುವಾಗಲೇ ಎಷ್ಟು ಅಂತ ಕೇಳಿಟ್ಟುಕೊಳ್ಳಿ.